ಒಂದೇ ಸಿಂಬಲ್, ಎರಡು ಕೆಲಸ: ಕ್ರ್ಯಾಶ್‌ಗೂ ರೈಡ್‌ಗೂ ಒದಗುವ ತೆಳು ಸಿಂಬಲ್ ಆರಿಸುವ ಬಗೆ

ರಿದಮ್ ಪ್ಯಾಡ್, ಅದರ ಎಡಕ್ಕೆ ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್, ಬಲಕ್ಕೆ ಒಂದೇ ಒಂದು ಸಿಂಬಲ್ ಸ್ಟ್ಯಾಂಡ್. ತುಮಕೂರು ಸುತ್ತಿನ ಗಣೇಶೋತ್ಸವದ ರಸಮಂಜರಿಗಳಲ್ಲಿ, ಮದುವೆ ಆರತಕ್ಷತೆಯ ವಾದ್ಯಗೋಷ್ಠಿಗಳಲ್ಲಿ ಇದು ಸಾಮಾನ್ಯ ಜೋಡಣೆ. ಚರ್ಚಿನಲ್ಲೋ ಕಾಲೇಜು ಬ್ಯಾಂಡಿನಲ್ಲೋ ಪೂರ್ತಿ ಡ್ರಮ್ ಸೆಟ್ ಇದ್ದರೂ ಒಳ್ಳೆಯ ಸಿಂಬಲ್ ಒಂದಕ್ಕೇ ದುಡ್ಡು ಸಾಕಾಗುವುದು ಹೆಚ್ಚು. ಆ ಒಂದೇ ಸಿಂಬಲ್ ಪಲ್ಲವಿಯಿಂದ ಚರಣಕ್ಕೆ ದಾಟುವಾಗ ಝಲ್ಲೆನ್ನಬೇಕು; ಇದು ಕ್ರ್ಯಾಶ್. ಮರುಕ್ಷಣವೇ ಸ್ಟಿಕ್ಕಿನ ತುದಿಗೆ ಬಗ್ಗಿ, ಲಯದ ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ ಕೇಳಿಸಬೇಕು; ಇದು ರೈಡ್.

ಇದಕ್ಕೆ ನಮ್ಮ ಸಲಹೆ ನೇರವಾದದ್ದು. 'ಕ್ರ್ಯಾಶ್-ರೈಡ್' ಎಂದು ಅಚ್ಚಾಗಿರುವುದನ್ನು ಹುಡುಕಿಕೊಂಡು ಹೋಗಬೇಡಿ. 20 ಇಂಚಿನ, 'ಥಿನ್' ಅಥವಾ 'ಮೀಡಿಯಂ ಥಿನ್' ದರ್ಜೆಯ ಕ್ರ್ಯಾಶ್ ಸಿಂಬಲ್ ಅನ್ನು ತೂಗಿ ನೋಡಿ, ಅದರ ಮೇಲೆ ರೈಡ್ ನುಡಿಸಿ ನೋಡಿ ಕೊಳ್ಳಿ. ಕಲಿಕೆಯ ಸೆಟ್ಟಿನ ಜೊತೆ ಬರುವ 18 ಇಂಚಿನ ಕ್ರ್ಯಾಶ್-ರೈಡ್‌ಗಳು ಬಹುತೇಕ ಮಧ್ಯಮ ದಪ್ಪದವು. ಅಂಚಿಗೆ ಹೊಡೆದರೆ ಬೇಗ ತೆರೆದುಕೊಳ್ಳುವುದಿಲ್ಲ. ಮೈಮೇಲೆ ನುಡಿಸಿದರೆ ಪೆಟ್ಟು ಸ್ಪಷ್ಟವಾಗುವಷ್ಟು ಅಗಲವೂ ಇರುವುದಿಲ್ಲ. ಎರಡೂ ಕೆಲಸ ಅರ್ಧಂಬರ್ಧ.

ದಪ್ಪ, ಅಗಲ, ನಾದ

ಸಿಂಬಲ್ ಒಂದು ಲೋಹದ ತಟ್ಟೆ. ತಟ್ಟೆಯ ಕಂಪನದ ವೇಗ ದಪ್ಪ ಹೆಚ್ಚಾದಂತೆ ಏರುತ್ತದೆ, ಅಗಲ ಹೆಚ್ಚಾದಂತೆ ಇನ್ನೂ ತೀವ್ರವಾಗಿ ಇಳಿಯುತ್ತದೆ. ಹಾಗಾಗಿ ಒಂದೇ ಅಗಲದ ಎರಡು ಸಿಂಬಲ್‌ಗಳಲ್ಲಿ ತೆಳುವಾದದ್ದರ ಶ್ರುತಿ ತಗ್ಗಿನದು, ದಪ್ಪನೆಯದರ ಶ್ರುತಿ ಮೇಲಿನದು. ತೆಳುವಾದದ್ದರಲ್ಲಿ ಅಲುಗಿಸಬೇಕಾದ ಲೋಹ ಕಡಿಮೆ. ಅದಕ್ಕೇ ಮೆಲ್ಲಗೆ ಹೊಡೆದರೂ ಪೂರ್ತಿ ತೆರೆದುಕೊಳ್ಳುತ್ತದೆ, ಬೇಗ ಅಡಗುತ್ತದೆ. ದಪ್ಪ ಸಿಂಬಲ್‌ನಲ್ಲಿ ಸ್ಟಿಕ್ಕಿನ ಪೆಟ್ಟು ಚೊಕ್ಕಟವಾಗಿ ಕೇಳುತ್ತದೆ, ನಾದ ಉದ್ದಕ್ಕೆ ನಿಲ್ಲುತ್ತದೆ. ಆದರೆ ಅಂಚಿಗೆ ಹೊಡೆದರೆ ಜಾಗಟೆಯ ಹಾಗೆ ಢಣ್ ಎಂದು ಒಂದೇ ಸ್ವರ ಎದ್ದು ನಿಲ್ಲುತ್ತದೆ. ಅದನ್ನು ಕ್ರ್ಯಾಶ್ ಮಾಡಿಸಲು ತೋಳಿನ ಬಲವೆಲ್ಲ ಬೇಕು.

ಹೊಡೆದ ಪೆಟ್ಟಿನ ಹಿಂದೆ ಹರಡಿಕೊಳ್ಳುವ 'ಶ್‌ಶ್' ಎನ್ನುವ ಗುಂಗನ್ನು ವಾದಕರು ವಾಶ್ ಎನ್ನುತ್ತಾರೆ. ಈ ಇಡೀ ಆಯ್ಕೆ ನಿಂತಿರುವುದು ಅದರ ಮೇಲೆ. ಕ್ರ್ಯಾಶ್‌ಗೆ ವಾಶ್ ಬೇಕು. ರೈಡ್‌ಗೆ ಅದೇ ಶತ್ರು. ತೆಳು ಸಿಂಬಲ್ ಮೇಲೆ ಎಂಟೆಂಟು ಪೆಟ್ಟಿನ ನಡೆಯನ್ನು (ಒಂದು ಬೀಟಿಗೆ ಎರಡು ಪೆಟ್ಟು) ಸತತವಾಗಿ ನುಡಿಸಿದರೆ ವಾಶ್ ಮೇಲೇರುತ್ತಾ ಹೋಗುತ್ತದೆ. ಒಳ್ಳೆಯ ಸಿಂಬಲ್‌ನಲ್ಲಿ ಅದು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಪೆಟ್ಟು ಅದರ ಮೇಲೆ ತೇಲುತ್ತದೆ. ಕೆಟ್ಟದ್ದರಲ್ಲಿ ಪೆಟ್ಟೇ ಮುಳುಗಿಹೋಗುತ್ತದೆ.

ಅಗಲ ಇಲ್ಲಿ ನೆರವಿಗೆ ಬರುತ್ತದೆ. 16 ಇಂಚಿನ ತೆಳು ಕ್ರ್ಯಾಶ್ ಮೇಲೆ ರೈಡ್ ನುಡಿಸಲಾಗದು. ನಾಲ್ಕೇ ಪೆಟ್ಟಿಗೆ ಇಡೀ ತಟ್ಟೆ ಅಲ್ಲಾಡಿ ಗದ್ದಲವಾಗುತ್ತದೆ. 20 ಇಂಚಿನದರಲ್ಲಿ ಬೆಲ್ಲಿಗೂ (ನಡುವಿನ ಉಬ್ಬಿಗೂ) ಅಂಚಿಗೂ ನಡುವೆ ಸಾಕಷ್ಟು ಜಾಗವಿರುತ್ತದೆ. ಬೆಲ್ಲಿನ ಕಡೆ ಸರಿದರೆ ಪೆಟ್ಟು ಒಣಗುತ್ತದೆ, ಅಂಚಿನ ಕಡೆ ಸರಿದರೆ ಗುಂಗು ಹೆಚ್ಚುತ್ತದೆ. ಆ ಹರವೇ ಒಂದು ಸಿಂಬಲ್‌ನಿಂದ ಎರಡು ಸಿಂಬಲ್‌ಗಳ ಕೆಲಸ ತೆಗೆಸುವುದು.

ತೂಕವೇ ನಿಜವಾದ ಲೇಬಲ್

'ಥಿನ್' ಎಂಬ ಅಚ್ಚು ಕಂಪನಿಯಿಂದ ಕಂಪನಿಗೆ ಬೇರೆಬೇರೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ತುಂಡುಗಳಲ್ಲೂ, ಅದರಲ್ಲೂ ಕೈಸುತ್ತಿಗೆಯ ಕೆಲಸ ಹೆಚ್ಚಿದ್ದರೆ, ನೂರು ಗ್ರಾಂ ಆಚೀಚೆ ಇರುವುದು ಮಾಮೂಲು. ಗ್ರಾಂ ಲೆಕ್ಕ ಸುಳ್ಳು ಹೇಳುವುದಿಲ್ಲ. ಕಂಚಿನ ಸಿಂಬಲ್‌ಗಳಿಗೆ ಈ ಅಂದಾಜು ಇಟ್ಟುಕೊಳ್ಳಿ:

18 ಇಂಚು: 1250ರಿಂದ 1450 ಗ್ರಾಂ
19 ಇಂಚು: 1450ರಿಂದ 1650 ಗ್ರಾಂ
20 ಇಂಚು: 1600ರಿಂದ 1900 ಗ್ರಾಂ
22 ಇಂಚು: 2000ರಿಂದ 2350 ಗ್ರಾಂ

20 ಇಂಚಿನದು 1600ರ ಹತ್ತಿರ ಇದ್ದರೆ ಅದು ಮೊದಲು ಕ್ರ್ಯಾಶ್, ಆಮೇಲೆ ರೈಡ್; ಮೆಲ್ಲನೆಯ ಹಾಡುಗಳಿಗೆ, ಸಣ್ಣ ಹಾಲ್‌ಗಳಿಗೆ ಸರಿ. 1750ರಿಂದ 1900ರವರೆಗಿನದು ಎರಡಕ್ಕೂ ಸಮವಾಗಿ ಒದಗುತ್ತದೆ. ಒಂದೇ ಸಿಂಬಲ್ ಕೊಳ್ಳುವವರು ಈ ಮಿತಿಯೊಳಗೇ ಹುಡುಕಬೇಕು. 2100 ದಾಟಿದರೆ ಕ್ರ್ಯಾಶ್ ನಿಧಾನವಾಗತೊಡಗುತ್ತದೆ, 2300ರ ಮೇಲಿನದು ರೈಡ್ ಮಾತ್ರ.

ತೂಗುವುದು ಹೇಗೆ? ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೇರವಾಗಿ ಇಟ್ಟರೆ ಅಂಕಿಯೇ ಕಾಣುವುದಿಲ್ಲ, ತಟ್ಟೆ ಮುಚ್ಚಿಬಿಡುತ್ತದೆ. ತಕ್ಕಡಿ ಮೇಲೆ ಎತ್ತರದ ಒಂದು ಡಬ್ಬಿ ಇಟ್ಟು ಸೊನ್ನೆಗೆ ತಂದು, ಡಬ್ಬಿಯ ಮೇಲೆ ಸಿಂಬಲ್ ಇಡಿ. ಅಂಗಡಿಗೆ ಹೋಗುವಾಗ ಪ್ರಯಾಣದ ಬ್ಯಾಗು ತೂಗುವ ಕೊಕ್ಕೆ ತಕ್ಕಡಿ ಜೇಬಲ್ಲಿರಲಿ. ನಡುವಿನ ತೂತಿನಲ್ಲಿ ದಾರ ಪೋಣಿಸಿ, ಕೆಳಗೆ ದಪ್ಪ ಗಂಟು ಹಾಕಿ ತೂಗಿದರೆ ಆಯಿತು. ಹತ್ತಿಪ್ಪತ್ತು ಗ್ರಾಂ ತಪ್ಪಿದರೆ ಚಿಂತೆಯಿಲ್ಲ. ತುಮಕೂರಿನಿಂದ ಬೆಂಗಳೂರು 70 ಕಿ.ಮೀ.; ಬಸ್ಸು ಹತ್ತುವ ಮೊದಲು ಫೋನ್ ಮಾಡಿ, ಅಂಗಡಿಯಲ್ಲಿರುವ ತುಂಡುಗಳ ತೂಕ ಕೇಳಿ. ಅನೇಕ ಸಿಂಬಲ್‌ಗಳ ಒಳಮೈಯಲ್ಲಿ, ಬೆಲ್ಲಿನ ಹತ್ತಿರ, ಗ್ರಾಂ ಅಂಕಿಯನ್ನು ಪೆನ್ನಿನಲ್ಲಿ ಬರೆದೇ ಇರುತ್ತಾರೆ.

ತೂಕ ಸರಿಯಿದ್ದರೂ ಆ ಲೋಹ ಎಲ್ಲಿ ಹಂಚಿಕೆಯಾಗಿದೆ ಎಂಬುದು ಇನ್ನೊಂದು ಮಾತು. ಅಂಗಡಿಯವರನ್ನು ಕೇಳಿಕೊಂಡು, ಎರಡು ಕೈಯಲ್ಲಿ ಅಂಚು ಹಿಡಿದು ಹೆಬ್ಬೆರಳಿನಿಂದ ಮೃದುವಾಗಿ ಒತ್ತಿ ನೋಡಿ. ಅಂಚು ತುಸು ಬಾಗಬೇಕು, ಬೆಲ್ಲಿನ ಕಡೆಗೆ ಬರುತ್ತಾ ಗಟ್ಟಿಯಾಗಬೇಕು. ನಡು ದಪ್ಪ, ಅಂಚು ತೆಳು ಇರುವ ಸಿಂಬಲ್‌ನಲ್ಲಿ ಅಂಚು ಕ್ರ್ಯಾಶ್ ಕೊಡುತ್ತದೆ, ಮೈ ರೈಡ್ ಕೊಡುತ್ತದೆ. ಉದ್ದಕ್ಕೂ ಒಂದೇ ದಪ್ಪ ಇದ್ದರೆ ಈ ವಿಭಾಗವಾಗುವುದಿಲ್ಲ. ಬಲವಾಗಿ ಬಗ್ಗಿಸಲು ಹೋಗಬೇಡಿ. ಈ ಕಂಚು ಬಾಗಿ ಉಳಿಯುವ ಜಾತಿಯಲ್ಲ, ಸೀಳುವ ಜಾತಿ.

ಲೋಹ ಮತ್ತು ಆಕಾರ

ಮೂರು ಬಗೆಯ ಲೋಹ ನೆನಪಿಟ್ಟರೆ ಸಾಕು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಅಗ್ಗ, ನಾದ ಮೊಂಡು, ಬೇಗ ಸಾಯುತ್ತದೆ. ಬಿ8 ಎಂದರೆ ನೂರಕ್ಕೆ 92 ತಾಮ್ರ, 8 ತವರ ಇರುವ ಕಂಚು. ಹಾಳೆಯಿಂದ ಕತ್ತರಿಸಿ ಮಾಡುತ್ತಾರೆ, ನಾದ ಹೊಳಪಾಗಿ ಚೂಪಾಗಿರುತ್ತದೆ. ಬಿ20 ಎಂದರೆ 80 ತಾಮ್ರ, 20 ತವರ. ಎರಕ ಹೊಯ್ದು, ಕಾಯಿಸಿ ಲಟ್ಟಿಸಿ, ಸುತ್ತಿಗೆಯಲ್ಲಿ ಬಡಿದು ಮಾಡುವಂಥದ್ದು. ಅದರ ನಾದದಲ್ಲಿ ಪದರಗಳು ಹೆಚ್ಚು.

ಎರಡೂ ಕೆಲಸಕ್ಕೆ ಬಿ20 ಒಳ್ಳೆಯದೆಂಬುದು ನಮ್ಮ ನಿಲುವು. ತೆಳುವಾಗಿದ್ದೂ ಪೆಟ್ಟು ಮುಳುಗದಂತೆ ಹಿಡಿಯುವ ಗುಣ ಅದರಲ್ಲಿ ಹೆಚ್ಚು. ಬಿ8 ಕೀಳೆಂದು ಇದರರ್ಥವಲ್ಲ. ಸ್ವಿಟ್ಜರ್ಲೆಂಡಿನ ಪೈಸ್ಟಿ ಕಂಪನಿ 1971ರಲ್ಲಿ ತಂದ 2002 ಸರಣಿ ಇದೇ ಬಿ8 ಕಂಚಿನದು, ರಾಕ್ ಬ್ಯಾಂಡುಗಳಲ್ಲಿ ಅದರ 20 ಇಂಚಿನ ಕ್ರ್ಯಾಶ್ ಮೇಲೆ ರೈಡ್ ನುಡಿಸುವವರು ಬಹಳ. ಆದರೆ ಅಗ್ಗದ ಬಿ8 ಮತ್ತು ಹಿತ್ತಾಳೆಯಲ್ಲಿ ತೆಳು ಸಿಂಬಲ್ ಕೊಂಡರೆ ರೈಡ್ ಕೈಕೊಡುತ್ತದೆ. ಬಜೆಟ್ ಅಷ್ಟೇ ಎಂದಾದರೆ ಹೊಸ ಹಿತ್ತಾಳೆಗಿಂತ ಹಳೆಯ ಬಿ20 ಹುಡುಕುವುದು ಜಾಣತನ.

ಬಿ20ಯಲ್ಲಿ ಕೇಳಿ ನೋಡಲು ತಕ್ಕವು: ಜಿಲ್ಜಿಯನ್ ಎ ಥಿನ್, ಕೆ ಡಾರ್ಕ್ ಥಿನ್, ಕೆ ಸ್ವೀಟ್, ಸೇಬಿಯನ್ ಎಎ ಥಿನ್, ಎಚ್‌ಎಚ್‌ಎಕ್ಸ್ ಥಿನ್, ಮೈನಲ್ ಬೈಜಾನ್ಸ್ ಟ್ರೆಡಿಷನಲ್ ಥಿನ್. ಎ ಮತ್ತು ಎಎ ಹೊಳಪಿನ ನಾದದವು, ಹಾರ್ಮೋನಿಯಂ, ಕೀಬೋರ್ಡ್, ಕೋರಸ್ ಎಲ್ಲದರ ಮೇಲೂ ಕೇಳಿಸುತ್ತವೆ. ಕೆ ಮತ್ತು ಎಚ್‌ಎಚ್‌ಎಕ್ಸ್ ಕಡು, ಅಂದರೆ ಮಂದ್ರದ ಕಡೆಗಿನ ನಾದದವು, ಹಾಡುವವರ ದನಿಗೆ ಅಡ್ಡ ಬರುವುದು ಕಡಿಮೆ. ಹೆಸರಿನಲ್ಲಿ 'ಎಕ್ಸ್‌ಟ್ರಾ ಥಿನ್' ಅಥವಾ 'ಪೇಪರ್ ಥಿನ್' ಇದ್ದರೆ ರೈಡ್‌ನ ಆಸೆ ಬಿಟ್ಟುಬಿಡಿ.

ಆಕಾರದಲ್ಲಿ ಎರಡು ಸಂಗತಿ. ಬೆಲ್ ದೊಡ್ಡದಾದರೆ ನಾದ ಉದ್ದ, ವಾಶ್ ಜಾಸ್ತಿ; ಚಿಕ್ಕ ಬೆಲ್ ಇದ್ದರೆ ಹತೋಟಿ ಸುಲಭ. ಮೈ ಚಪ್ಪಟೆಯಾಗಿದ್ದರೆ ಶ್ರುತಿ ತಗ್ಗಿ ಪೆಟ್ಟು ಬೇಗ ಹರಡುತ್ತದೆ, ಕಮಾನು ಹೆಚ್ಚಿದ್ದರೆ ಪೆಟ್ಟು ಖಚಿತವಾಗುತ್ತದೆ. ಚಿಕ್ಕದರಿಂದ ಮಧ್ಯಮ ಗಾತ್ರದ ಬೆಲ್, ಸಾಧಾರಣ ಕಮಾನು ಇದ್ದರೆ ನಮ್ಮ ಕೆಲಸಕ್ಕೆ ಒಪ್ಪುತ್ತದೆ. ತೆಳು ಸಿಂಬಲ್‌ನ ಬೆಲ್ ಎಷ್ಟೇ ಒಳ್ಳೆಯದಾದರೂ ದಪ್ಪ ರೈಡ್‌ನಂತೆ ಟಣ್ ಎಂದು ಕತ್ತರಿಸಿದ ಹಾಗೆ ಕೇಳುವುದಿಲ್ಲ. ಹಾಡುಗಳಲ್ಲಿ ಬೆಲ್ ಪೆಟ್ಟು ಬಹಳ ಬೇಕಾಗುವವರು ಅದನ್ನು ಪ್ಯಾಡಿನಲ್ಲಿ ಇಟ್ಟುಕೊಳ್ಳುವುದು ಉತ್ತಮ.

ಅಂಗಡಿಯಲ್ಲಿ ಪರೀಕ್ಷೆ

ನಿಮ್ಮದೇ ಸ್ಟಿಕ್ ಒಯ್ಯಿರಿ. 5ಎ ಮತ್ತು ಅದಕ್ಕಿಂತ ಸಣ್ಣ 7ಎ ಅಳತೆಯ ಸ್ಟಿಕ್ಕುಗಳ ನಡುವೆಯೇ ನಾದ ಬದಲಾಗುತ್ತದೆ, ನೈಲಾನ್ ತುದಿಗೂ ಮರದ ತುದಿಗೂ ಇನ್ನೂ ಹೆಚ್ಚು. ಬರಿಗೈಯಲ್ಲಿ ಬೆರಳ ಮೇಲೆ ತೂಗುಹಾಕಿ ತಟ್ಟಿ ನೋಡುವುದು ಸಾಲದು. ಸ್ಟ್ಯಾಂಡಿಗೆ ಹಾಕಿಸಿ, ನೀವು ಕೂರುವ ಎತ್ತರಕ್ಕೆ ತರಿಸಿ.

ಎಲ್ಲರೂ ಮೊದಲು ಕ್ರ್ಯಾಶ್ ಹೊಡೆಯುತ್ತಾರೆ, ಝಲ್ಲೆಂದ ಕೂಡಲೇ ಮನಸೋಲುತ್ತಾರೆ. ರೈಡ್‌ನಿಂದ ಶುರು ಮಾಡಿ. ಬೆಲ್ಲಿನಿಂದ ಅಂಚಿಗೆ ಅರ್ಧ ದಾರಿ ದಾಟಿದ ಜಾಗದಲ್ಲಿ ಸ್ಟಿಕ್ಕಿನ ತುದಿಯಿಂದ ಮೆಲ್ಲಗೆ, ನಿಮಿಷಕ್ಕೆ 100 ಬೀಟಿನ ವೇಗದಲ್ಲಿ ಎಂಟೆಂಟು ಪೆಟ್ಟಿನ ನಡೆ ಹಿಡಿಯಿರಿ. ನಿಧಾನವಾಗಿ ಬ್ಯಾಂಡಿನ ಮಟ್ಟಕ್ಕೆ ದನಿ ಏರಿಸಿ, ಒಂದು ಪೂರ್ತಿ ನಿಮಿಷ ಬಿಡದೆ ನುಡಿಸಿ. ಹತ್ತು ಸೆಕೆಂಡಿಗೆ ಚೆನ್ನಾಗಿ ಕೇಳಿದ ಸಿಂಬಲ್ ನಲವತ್ತನೆಯ ಸೆಕೆಂಡಿಗೆ ಬರೀ ಗದ್ದಲವಾಗುವುದುಂಟು. ವೇದಿಕೆಯ ಮೇಲೆ ಚರಣ ಹತ್ತು ಸೆಕೆಂಡಿನದಲ್ಲ, ನೆನಪಿರಲಿ.

ಈಗ ನಿಲ್ಲಿಸದೆ, ಸ್ಟಿಕ್ಕಿನ ಭುಜದಿಂದ (ತುದಿಯ ಹಿಂದೆ ದಪ್ಪವಾಗುವ ಭಾಗ) ಅಂಚಿಗೆ ಒಂದು ಕ್ರ್ಯಾಶ್ ಹೊಡೆದು, ಕೈಯಿಂದ ಅಡಗಿಸದೆ, ಮತ್ತೆ ರೈಡ್‌ಗೆ ಮರಳಿ. ತುದಿಯ ಪೆಟ್ಟು ಮತ್ತೆ ಕೇಳಿಸಲು ಎಷ್ಟು ಬೀಟ್ ಹಿಡಿಯಿತು ಎಣಿಸಿ. ಎರಡರಿಂದ ನಾಲ್ಕು ಬೀಟಿನೊಳಗೆ ತಿಳಿಯಾದರೆ ಅದು ನಿಮ್ಮ ಸಿಂಬಲ್. ಎಂಟಾದರೂ ಕೇಳಿಸದಿದ್ದರೆ ಅದು ಶುದ್ಧ ಕ್ರ್ಯಾಶ್, ಕೆಳಗಿಡಿ. ಈ ಒಂದು ಪರೀಕ್ಷೆ ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ.

ಆಮೇಲೆ ಕ್ರ್ಯಾಶ್ ಅನ್ನು ಆದಷ್ಟು ಮೆಲ್ಲಗೆ ಹೊಡೆಯಿರಿ. ತೆಳು ಸಿಂಬಲ್ ಎಂದ ಮೇಲೆ ಮಣಿಕಟ್ಟಿನ ಸಣ್ಣ ತಿರುವಿಗೇ ಅರಳಬೇಕು. ಗಾಯಕರು ಮೈಕಿನ ಮುಂದೆ ಮೆಲುದನಿಯಲ್ಲಿ ಹಾಡುತ್ತಿರುವಾಗ ಬೇಕಾಗುವುದು ಅದೇ.

ಅದೇ ಮಾದರಿಯ ಎರಡು ಮೂರು ತುಂಡು ಇದ್ದರೆ ಎಲ್ಲವನ್ನೂ ತೂಗಿ, ಎಲ್ಲವನ್ನೂ ನುಡಿಸಿ. ಕೊನೆಗೆ ಜೊತೆಗಾರರ ಕೈಗೆ ಸ್ಟಿಕ್ ಕೊಟ್ಟು ನಾಲ್ಕೈದು ಮೀಟರ್ ದೂರ ನಿಂತು ಕೇಳಿ. ಹತ್ತಿರ ಕೂತವರಿಗೆ ಸ್ಟಿಕ್ಕಿನ ಪೆಟ್ಟು ಕೇಳುವಷ್ಟು ದೂರದವರಿಗೆ ಕೇಳದು. ಫೋನಿನಲ್ಲಿ ರೆಕಾರ್ಡ್ ಮಾಡಿ ತೀರ್ಮಾನಿಸಬೇಡಿ. ಫೋನು ಜೋರು ಸದ್ದನ್ನು ತಾನೇ ತಗ್ಗಿಸಿ, ಸಣ್ಣ ಸದ್ದನ್ನು ಎತ್ತುತ್ತದೆ, ವಾಶ್ ಇರುವುದಕ್ಕಿಂತ ದೊಡ್ಡದಾಗಿ ಕೇಳುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳಲೇಬೇಕಾದರೆ ಆ ತುಂಡಿನದೇ ತೂಕ ಹೇಳುವ, ಹಿಂತಿರುಗಿಸಲು ಅವಕಾಶ ಕೊಡುವ ಮಾರಾಟಗಾರರನ್ನು ಹುಡುಕಿ.

ಎಲ್ಲಿ ನುಡಿಸುತ್ತೀರಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಲ್ಯಾಣ ಮಂಟಪದ ಬರಿ ಗೋಡೆ, ಗ್ರಾನೈಟ್ ನೆಲ ಸದ್ದನ್ನು ಹಿಂದಕ್ಕೆಸೆಯುತ್ತವೆ. ಅಮಾನಿಕೆರೆ ಬಳಿಯ ಗಾಜಿನ ಮನೆಯಂಥ ಜಾಗದಲ್ಲಿ ಇನ್ನೂ ಹೆಚ್ಚು. ಅಲ್ಲಿಗೆ ಕಡು ನಾದದ, ಬೇಗ ಅಡಗುವ ತೆಳು ಸಿಂಬಲ್ ವರ. ಜೂನಿಯರ್ ಕಾಲೇಜು ಮೈದಾನದಂಥ ಬಯಲಿನಲ್ಲಿ ಸದ್ದು ಹಿಂದಿರುಗುವುದಿಲ್ಲ. ಅಲ್ಲಿ 1850 ಗ್ರಾಂ ಆಸುಪಾಸಿನ ಹೊಳಪು ನಾದದ್ದು ಬೇಕು, ಸಿಂಬಲ್‌ಗೆಂದೇ ಒಂದು ಮೈಕ್ ಇಡಲು ಸೌಂಡಿನವರಿಗೆ ಮೊದಲೇ ಹೇಳಿರಬೇಕು. ಆ ಮೈಕ್ ಇಲ್ಲದಿದ್ದರೆ ತೆಳು ಸಿಂಬಲ್‌ನ ರೈಡ್ ಮೂರನೇ ಸಾಲಿನಾಚೆ ಹೋಗದು.

ಹಳೆಯದನ್ನು ಕೊಳ್ಳುವಾಗ

ಸೆಕೆಂಡ್ ಹ್ಯಾಂಡ್ ಸಿಂಬಲ್‌ನಲ್ಲಿ ಮೊದಲು ಅಂಚು ನೋಡಿ. ಉಗುರಿನ ತುದಿಯನ್ನು ಸುತ್ತಲೂ ಹಾಯಿಸಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಚುಕ್ಕೆಯಷ್ಟು ನೆಗ್ಗು ಇರಬಹುದು, ಸೀಳೂ ಇರಬಹುದು. ನೆಗ್ಗಿನಿಂದ ನಾದಕ್ಕೆ ಸದ್ಯಕ್ಕೇನೂ ಆಗದಿದ್ದರೂ ಸೀಳು ಶುರುವಾಗುವುದು ಅಲ್ಲಿಂದಲೇ. ಸಿಂಬಲ್ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಮೆಲ್ಲಗೆ ಬಾಗಿಸಿದರೆ ಕೂದಲೆಳೆಯಂಥ ಸೀಳಿನಲ್ಲಿ ಬೆಳಕು ನುಸುಳುತ್ತದೆ. ಸಿಂಬಲ್ ಮೈಮೇಲೆ ಲೇತಿನಲ್ಲಿ ಕಡೆದ ಗೆರೆಗಳ ಗುಂಟ, ಅಂಚಿಗೆ ಸಮಾನಾಂತರವಾಗಿ ಓಡುವ ಸೀಳು ಕಣ್ಣಿಗೆ ಬೀಳುವುದೇ ಕಷ್ಟ. ಅದೇ ಹೆಚ್ಚು ಅಪಾಯದ್ದು, ತುಂಡೇ ಕಿತ್ತು ಬರುತ್ತದೆ.

ನಡುವಿನ ತೂತು ಗುಂಡಗಿದೆಯೇ ನೋಡಿ. ಒಂದು ಕಡೆ ಕೊರೆದು ಬೀಗದ ತೂತಿನ ಆಕಾರ ಬಂದಿದ್ದರೆ, ಸ್ಲೀವ್ (ಸ್ಟ್ಯಾಂಡಿನ ಕಡ್ಡಿಗೆ ತೊಡಿಸುವ ಕೊಳವೆ) ಇಲ್ಲದೆ ವರ್ಷಗಟ್ಟಲೆ ಕಬ್ಬಿಣದ ಕಡ್ಡಿಗೆ ಉಜ್ಜಿದೆ ಎಂದರ್ಥ. ಅಲ್ಲಿಂದ ಬೆಲ್ಲಿನ ಕಡೆಗೆ ಸೀಳು ಹೊರಟಿಲ್ಲವೆಂದು ಖಚಿತವಾದ ಮೇಲೆ ಬೆಲೆ ಮಾತಾಡಿ. ಸಿಂಬಲ್ ಅನ್ನು ತೂತಿನಲ್ಲಿ ಬೆರಳಿಟ್ಟು ತೂಗುಬಿಟ್ಟು ಸುತ್ತಲೂ ತಟ್ಟಿದಾಗ ಒಂದು ಕಡೆ ಮಾತ್ರ 'ಝೀ' ಎಂಬ ಸೀರುವ ಸದ್ದು ಬಂದರೆ ಕೊಳ್ಳಬೇಡಿ. ಬಣ್ಣ ಮಾಸಿದ್ದು, ಅಚ್ಚು ಅಳಿಸಿದ್ದು ದೋಷಗಳಲ್ಲ.

ಸ್ಟ್ಯಾಂಡಿಗೇರಿಸಿದ ಮೇಲೆ

ತೆಳು ಸಿಂಬಲ್ ಸೀಳುವುದಕ್ಕೆ ದೊಡ್ಡ ಕಾರಣ ಬಿಗಿ. ವಿಂಗ್ ನಟ್ಟನ್ನು ಒತ್ತಿ ತಿರುಗಿಸಿದರೆ ತಟ್ಟೆ ಅಲುಗಲಾರದು, ಪೆಟ್ಟಿನ ಬಲವೆಲ್ಲ ಅಂಚಿನ ಒಂದೇ ಬಿಂದುವಿಗೆ ಬೀಳುತ್ತದೆ. ಕೆಳಗೆ ವಾಶರ್, ಅದರ ಮೇಲೆ ಪ್ಲಾಸ್ಟಿಕ್ ಸ್ಲೀವ್, ಫೆಲ್ಟ್ (ಮೆತ್ತನೆಯ ಬಿಲ್ಲೆ), ಸಿಂಬಲ್, ಮತ್ತೆ ಫೆಲ್ಟ್, ಕೊನೆಗೆ ನಟ್. ಸಿಂಬಲ್ ಅನ್ನು ಬೆರಳಿಂದ ತಳ್ಳಿದರೆ ಸಲೀಸಾಗಿ ತೂಗಬೇಕು. ಸ್ಟ್ಯಾಂಡಿನ ಕಡ್ಡಿ ಸಾಮಾನ್ಯವಾಗಿ 6 ಅಥವಾ 8 ಮಿ.ಮೀ.; ಸ್ಲೀವ್ ಅದಕ್ಕೆ ಹೊಂದದಿದ್ದರೆ ಕಳಚಿ ಬೀಳುತ್ತದೆ. ಕಳೆದುಹೋದ ಸ್ಲೀವ್‌ಗೆ ಬದಲಾಗಿ ಅದೇ ಅಳತೆಯ ಪ್ಲಾಸ್ಟಿಕ್ ಕೊಳವೆಯ ಒಂದು ಇಂಚಿನ ತುಂಡು ನಡೆಯುತ್ತದೆ.

20 ಇಂಚಿನದಕ್ಕೆ ಕಾಲುಗಳು ಜೋಡಿ ಪಟ್ಟಿಯವಾಗಿರುವ ಸ್ಟ್ಯಾಂಡ್ ಬೇಕು. ಹಗುರ ಸ್ಟ್ಯಾಂಡು ಒಂದು ಕ್ರ್ಯಾಶ್‌ಗೆ ವಾಲುತ್ತದೆ. ಸಿಂಬಲ್ ನಿಮ್ಮ ಕಡೆ 10ರಿಂದ 15 ಡಿಗ್ರಿ ಬಾಗಿರಲಿ. ತೀರಾ ಎತ್ತರಕ್ಕೆ, ಸಮತಲವಾಗಿ ಇಟ್ಟರೆ ಸ್ಟಿಕ್ ಅಂಚಿಗೆ ಕೊಡಲಿಯಂತೆ ನೇರ ಬೀಳುತ್ತದೆ. ಕ್ರ್ಯಾಶ್ ಹೊಡೆಯುವಾಗ ಪೆಟ್ಟು ಅಡ್ಡಲಾಗಿ ಸವರಿಕೊಂಡು ಹೋಗಬೇಕು, ಪ್ರತಿ ಸಲವೂ ಅದೇ ಬಿಂದುವಿಗೆ ಅಲ್ಲ. ಸಿಂಬಲ್ ತಾನೇ ತಿರುಗುತ್ತಿದ್ದರೆ ಒಳ್ಳೆಯದೇ.

ರೈಡ್ ನುಡಿಸುವಾಗ ಕೈ ಹಗುರ ಮಾಡಿ. ತೆಳು ಸಿಂಬಲ್ ಮೇಲೆ ಬಲ ಹಾಕಿದಷ್ಟೂ ವಾಶ್ ಏರುತ್ತದೆಯೇ ಹೊರತು ಪೆಟ್ಟು ಏರುವುದಿಲ್ಲ. ಗುಂಗು ಜಾಸ್ತಿಯಾಯಿತು ಅನಿಸಿದರೆ ಸ್ಟಿಕ್ಕನ್ನು ಎರಡು ಬೆರಳಗಲ ಬೆಲ್ಲಿನ ಕಡೆಗೆ ಸರಿಸಿ. ಸಣ್ಣ ದುಂಡು ತುದಿಯ 7ಎ ಸ್ಟಿಕ್ ಕೂಡ ನೆರವಾಗುತ್ತದೆ. ಇಷ್ಟಾದರೂ ಹತೋಟಿಗೆ ಬರದಿದ್ದರೆ ಒಳಮೈಯಲ್ಲಿ, ಬೆಲ್ಲಿಗೂ ಅಂಚಿಗೂ ನಡುವೆ, ಎರಡು ಇಂಚಿನ ಬಟ್ಟೆ ಟೇಪ್ ಅಂಟಿಸಿ. ಒಂದೇ ತುಂಡಿನಿಂದ ಶುರು ಮಾಡಿ. ಮೂರು ತುಂಡಾದರೆ ಕ್ರ್ಯಾಶ್ ಸತ್ತೇಹೋಗುತ್ತದೆ.

ಸಾಗಿಸುವಾಗ ದಪ್ಪ ಚೀಲ, ಸಿಂಬಲ್‌ಗಳ ನಡುವೆ ಬಟ್ಟೆ. ಟಾಟಾ ಏಸ್‌ನಲ್ಲಿ ಸ್ಪೀಕರ್ ಬಾಕ್ಸುಗಳ ಜೊತೆ ತುಂಬುವಾಗ ಅಂಚಿನ ಮೇಲೆ ನಿಲ್ಲಿಸಬೇಡಿ, ಎಲ್ಲದರ ಮೇಲೆ ಮಲಗಿಸಿ. ಕಾರ್ಯಕ್ರಮ ಮುಗಿದ ಮೇಲೆ ಬೆವರಿನ ಕೈಗುರುತುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ತೊಳೆಯಲೇಬೇಕೆಂದರೆ ಪಾತ್ರೆ ಸೋಪಿನ ತೆಳು ನೀರು, ಮೆತ್ತನೆಯ ಬಟ್ಟೆ, ಕಡೆದ ಗೆರೆಗಳ ಗುಂಟ ಉಜ್ಜಿ ಕೂಡಲೇ ಒಣಗಿಸಿ. ಪೂಜೆ ಸಾಮಾನಿಗೆ ಬಳಸುವ ಹುಣಸೆಹಣ್ಣು, ಹೊಳಪಿನ ಪುಡಿ ಬೇಡ. ಹುಳಿ ಮೇಲ್ಮೈಯನ್ನು ತಿಂದು ಕೆಂಪಗೆ ಮಾಡುತ್ತದೆ, ಪುಡಿ ಅಚ್ಚನ್ನು ಅಳಿಸಿ ಗೆರೆಗಳಲ್ಲಿ ಕೂರುತ್ತದೆ.

ಅಂಚಿನಲ್ಲಿ ಸೀಳು ಕಂಡರೆ ಅಂದೇ ನುಡಿಸುವುದು ನಿಲ್ಲಿಸಿ. ಸೀಳಿನ ಕೊನೆಯನ್ನು ಭೂತಗನ್ನಡಿಯಲ್ಲಿ ಗುರುತಿಸಿ, ಆ ಕೊನೆಯೂ ಒಳಗೊಳ್ಳುವಂತೆ ತುಸು ಮುಂದಕ್ಕೆ 5 ಮಿ.ಮೀ.ನಷ್ಟು ದುಂಡು ತೂತು ಕೊರೆಸಿದರೆ ಸೀಳು ಅಲ್ಲಿಗೆ ನಿಲ್ಲುವ ಸಾಧ್ಯತೆಯಿದೆ. ಡ್ರಿಲ್ ನಿಧಾನ ವೇಗದಲ್ಲಿರಲಿ, ಅಡಿಯಲ್ಲಿ ಮರದ ತುಂಡಿರಲಿ, ಅಂಚುಗಳನ್ನು ಸಣ್ಣ ಅರದಿಂದ ನಯಮಾಡಿ. ಗ್ಯಾಸ್ ವೆಲ್ಡಿಂಗ್‌ಗೆ ಮಾತ್ರ ಕೊಡಬೇಡಿ. ಬಿ20 ಕಂಚನ್ನು ಕೆಂಪಗೆ ಕಾಯಿಸಿ ತಟ್ಟನೆ ನೀರಿಗಿಳಿಸುವುದರಿಂದಲೇ ಅದಕ್ಕೆ ತಾಳಿಕೆ ಬಂದಿರುತ್ತದೆ. ವೆಲ್ಡಿಂಗ್ ಬಿಸಿಯಲ್ಲಿ ಕಾದು ಗಾಳಿಯಲ್ಲಿ ನಿಧಾನವಾಗಿ ಆರಿದ ಭಾಗ ಬಿರುಸಾಗಿ, ಮುಂದಿನ ಕ್ರ್ಯಾಶ್‌ಗೇ ಪಕ್ಕದಲ್ಲಿ ಹೊಸ ಸೀಳು ಬಿಡುತ್ತದೆ. ದಪ್ಪ ರೈಡ್ ಒಂದನ್ನು ಲೇತ್ ಅಂಗಡಿಯಲ್ಲಿ ಕಡೆಸಿ ತೆಳು ಮಾಡಿಸುವ ಯೋಚನೆಗೂ ಇದೇ ಉತ್ತರ. ಯಂತ್ರದ ಬಿಸಿ ಮತ್ತು ಏರುಪೇರಾದ ಕಡೆತ ಸೇರಿ ಸುತ್ತಿಗೆಯ ಬಿಗುವನ್ನು ಕೆಡಿಸುತ್ತವೆ, ತೂಕ ಇಳಿದರೂ ನಾದ ಬರುವುದಿಲ್ಲ.